ಹಳೇ ನೆಲ, ಹೊಸ ವೈರು

12 ಜನವರಿ 2025, ಭಾನುವಾರ

ದುರಸ್ತಿ ಮಾಡಿಸುತ್ತಿರುವ ಹಳೇ ಮನೆಯ ಹಾಲ್‌ನಲ್ಲಿದ್ದ ಹಳೇ ವಿನೈಲ್ ಹಾಸು ಇವತ್ತು ಪೂರ್ತಿ ಕಿತ್ತಾಯ್ತು. ಅಷ್ಟು ಹಳೆಯ ವಿನೈಲ್‌ನಲ್ಲಿ, ಅದರ ಅಂಟಿನಲ್ಲಿ ಆಸ್ಬೆಸ್ಟಾಸ್ (ಉಸಿರಿನೊಳಗೆ ಹೋದರೆ ಅಪಾಯ ಮಾಡುವ ಖನಿಜದ ನಾರು) ಇರುವುದುಂಟು. ಅದಕ್ಕೇ ಮೊದಲೇ ಪರೀಕ್ಷೆ ಮಾಡಿಸಿದ್ದೆವು. ಇಲ್ಲ ಅಂತ ಖಚಿತವಾದ ಮೇಲೇ ಕೈ ಹಾಕಿದ್ದು.

ಕೆಳಗಿರುವುದು ಚಿತ್ತಾರದ ಸಿಮೆಂಟ್ ಟೈಲ್ಸ್! ಬೂದು ನೆಲದ ಮೇಲೆ ಕೆಂಪು ಹೂವು. ಬಾಗಿಲ ಹತ್ತಿರ ತುಳಿದು ತುಳಿದು ನುಣುಪಾಗಿದೆ, ಮೂಲೆಗಳಲ್ಲಿ ಬಣ್ಣ ಇನ್ನೂ ಗಾಢ. ಎಷ್ಟು ಹೊತ್ತು ನೋಡಿದರೂ ಸಾಲದು.

ಈ ಟೈಲ್ಸನ್ನು ಸುಡುವುದಿಲ್ಲ. ಬಣ್ಣ ಬೆರೆಸಿದ ಸಿಮೆಂಟನ್ನು ಲೋಹದ ಅಚ್ಚಿನೊಳಗೆ ಕೈಯಿಂದಲೇ ಸುರಿದು, ಹಿಂದೆ ಮರಳು-ಸಿಮೆಂಟ್ ತುಂಬಿ, ಪ್ರೆಸ್‌ನಲ್ಲಿ ಒತ್ತುತ್ತಾರೆ. ಬಣ್ಣದ ಪದರ ಕೆಲವೇ ಮಿಲಿಮೀಟರ್. ಆಸಿಡ್ ಹಾಕಿ ತೊಳೆದರೆ ಅದು ಸಿಮೆಂಟನ್ನೇ ತಿನ್ನುತ್ತದೆ. ಮೇಲ್ಮೈ ಒರಟಾಗಿ ಕೊಳೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಹಾಗಾಗಿ ಸೌಮ್ಯವಾದ ಸೋಪು, ಮೆತ್ತನೆ ಬ್ರಷ್, ಆಮೇಲೆ ಮೇಣ. ಇಷ್ಟೇ ಸಾಕು.

"ಒಡೆದು ಹೊಸದು ಹಾಕೋಣ, ಬೇಗ ಮುಗಿಯುತ್ತೆ" ಅಂದರು ಮೇಸ್ತ್ರಿ. ಬೇಡ ಅಂದೆ. ಅಲ್ಲಲ್ಲಿ ಒಡೆದುಹೋದ ಜಾಗಕ್ಕೆ, ಕಪಾಟಿನಡಿ ಮರೆಯಾಗುವ ಟೈಲ್ಸ್ ಎತ್ತಿ ತಂದು ಕೂರಿಸುತ್ತೇವೆ. ಕಪಾಟಿನಡಿಗೆ ಸಾದಾ ಬೂದು ಸಿಮೆಂಟ್. ಹಳೇ ಸ್ಮಾರಕಗಳನ್ನು ಕಾಪಾಡುವ ಬಗೆಗಿನ ಅಂತರರಾಷ್ಟ್ರೀಯ ನಿಯಮಾವಳಿ, 1964ರ ವೆನಿಸ್ ಸನ್ನದು ಹೇಳುವುದೂ ಇದನ್ನೇ ಅಲ್ವಾ: ಹೊಸದು ಹಳೆಯದರ ಜೊತೆ ಹೊಂದಬೇಕು, ಆದರೆ ಹೊಸದು ಅಂತ ಗೊತ್ತಾಗಬೇಕು. ಸುಮ್ನೆ ಹಳೆಯದರಂತೆ ನಟಿಸುವ ಟೈಲ್ಸ್ ನನಗೆ ಬೇಡ.

ಗೋಡೆ ಸ್ವಲ್ಪ ಕಷ್ಟದ ವಿಷಯ. ಅದು ಸುಣ್ಣದ ಗಾರೆ. ಕಿಟಕಿಯ ಕೆಳಗೆ ಯಾರೋ ಸಿಮೆಂಟ್ ಮೆತ್ತಿದ್ದಾರೆ. ಸುಣ್ಣ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ತಡೆಯುತ್ತದೆ. ತಡೆದ ತೇವ ಸಿಮೆಂಟಿನ ಅಂಚಿನಲ್ಲಿ ದಾರಿ ಹುಡುಕಿಕೊಂಡು ಬಂದಿದೆ. ಅಲ್ಲೆಲ್ಲ ಬಿಳಿ ಉಪ್ಪು, ಬಣ್ಣದ ಚಕ್ಕೆ. ಮೊದಲು ಹೊರಗೋಡೆಯ ಬಿರುಕು ಮುಚ್ಚಬೇಕು. ಆಮೇಲೆ ಸಿಮೆಂಟ್ ತೆಗೆದು, ಗೋಡೆ ಒಣಗಲು ಬಿಟ್ಟು, ಸುಣ್ಣದ ಗಾರೆಯನ್ನು ತೆಳುವಾಗಿ ಪದರ ಪದರವಾಗಿ ಹಾಕಬೇಕು. ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನಕ್ಕೆ ಗಟ್ಟಿಯಾಗುತ್ತದೆ. ಅವಸರ ಮಾಡಿದರೆ ಬಿರುಕು ಬಿಡುತ್ತದೆ.

ವೈರಿಂಗ್ ಮಾತ್ರ ಒಂದು ಚೂರೂ ಉಳಿಸುವುದಿಲ್ಲ. ಅರ್ಥಿಂಗ್ ಇಲ್ಲ, ವೈರಿನ ರಬ್ಬರ್ ಮುಟ್ಟಿದರೆ ಪುಡಿಯಾಗುತ್ತದೆ. ಜೀವದ ವಿಷಯದಲ್ಲಿ ಹಳೆಯದರ ಮೋಹ ಇಟ್ಟುಕೊಳ್ಳಬಾರದು. ಸೋರಿಕೆಯಾದರೆ ತಾನೇ ಕರೆಂಟ್ ಕಡಿಯುವ 30 ಮಿಲಿಆಂಪಿಯರ್ ಬ್ರೇಕರ್ ಕೂಡ ಬರಲಿದೆ. ನಾಳೆ ಎಲೆಕ್ಟ್ರಿಶಿಯನ್ ಬಂದು, ಹಳೇ ಪೈಪಿನೊಳಗೇ ಹೊಸ ವೈರು ಎಳೆಯಲು ಆಗುತ್ತದಾ ನೋಡುತ್ತಾರೆ. ಆಗದಿದ್ದರೆ ಗೋಡೆಯ ಮೇಲೇ ಪೈಪು ಹಾಯಲಿ. ಗಾರೆ ಕೊರೆಯಲು ಬಿಡುವುದಿಲ್ಲ.