ಕತ್ತರಿಸಿದ ಮಾತ್ರೆ ಪಟ್ಟಿಯಲ್ಲಿ ಹೆಸರಿರಲಿಲ್ಲ

ಅಮ್ಮನ ಪಿತ್ತಕೋಶದಲ್ಲಿ ಕಲ್ಲುಗಳಾಗಿ, ಲ್ಯಾಪರೊಸ್ಕೋಪಿ (ಹೊಟ್ಟೆಯ ಮೇಲಿನ ಸಣ್ಣ ರಂಧ್ರಗಳಿಂದ ಮಾಡುವ ಶಸ್ತ್ರಚಿಕಿತ್ಸೆ) ಮೂಲಕ ಪಿತ್ತಕೋಶವನ್ನೇ ತೆಗೆಯುವುದೆಂದು ತೀರ್ಮಾನವಾದಾಗ, ಆಸ್ಪತ್ರೆಯ ಅರ್ಜಿಯಲ್ಲಿ ‘ಈಗ ಸೇವಿಸುತ್ತಿರುವ ಔಷಧಿಗಳು’ ಎಂಬಲ್ಲಿ ನಾನು ‘ಬಿಪಿ, ಶುಗರ್, ಹೃದಯ’ ಎಂದಷ್ಟೇ ಬರೆದಿದ್ದೆ. ಅದರ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಗುರುವಾರಕ್ಕೆ ದಿನವೂ ನಿಗದಿಯಾಯಿತು.

ಮಂಗಳವಾರ ತಪಾಸಣೆ ಮಾಡಿದ ಅರಿವಳಿಕೆ ತಜ್ಞೆ ಆ ಮೂರು ಪದಗಳನ್ನು ನೋಡಿ, “ಅಮ್ಮ ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಈಗಲೇ ತನ್ನಿ” ಎಂದರು. ತಂದದ್ದನ್ನು ಮೇಜಿನ ಮೇಲೆ ಸುರಿದು ಒಂದೊಂದಾಗಿ ನೋಡತೊಡಗಿದರು. ಹೃದಯದ ಮಾತ್ರೆಯ ಪಟ್ಟಿಯನ್ನು ಅಂಗಡಿಯವರು ಕತ್ತರಿಸಿ ಕೊಟ್ಟಿದ್ದರಿಂದ ಹೆಸರಿನ ಭಾಗವೇ ಹೋಗಿ, ಕೊನೆಯ ನಾಲ್ಕೈದು ಅಕ್ಷರಗಳು ಮಾತ್ರ ಉಳಿದಿದ್ದವು. ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು, ಹಳೆಯ ಚೀಟಿಯೊಂದಿಗೆ ತಾಳೆ ನೋಡಿದಾಗ, ಒಂದೇ ಕ್ಯಾಪ್ಸೂಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎರಡೂ ಇರುವುದು ತಿಳಿಯಿತು.

ಮೂರು ವರ್ಷಗಳ ಹಿಂದೆ ಹೃದಯದ ರಕ್ತನಾಳ ಮುಚ್ಚದಂತೆ ಸ್ಟೆಂಟ್ ಹಾಕಿದಾಗಿನಿಂದ ಅಮ್ಮ ಅದನ್ನು ತಪ್ಪದೆ ನುಂಗುತ್ತಿದ್ದಳು. ಒಂದಕ್ಕೊಂದು ಅಂಟಿ ರಕ್ತಸ್ರಾವ ನಿಲ್ಲಿಸುವ ರಕ್ತಕಣಗಳಾದ ಪ್ಲೇಟ್‌ಲೆಟ್‌ಗಳ ಆಯುಸ್ಸು 7ರಿಂದ 10 ದಿನ. ಕ್ಲೊಪಿಡೊಗ್ರೆಲ್ ತಾಗಿದವು ಬದುಕಿರುವಷ್ಟು ಕಾಲವೂ ಸರಿಯಾಗಿ ಒಂದಕ್ಕೊಂದು ಅಂಟುವುದಿಲ್ಲ. ಯಕೃತ್ತಿಗೆ ಅಂಟಿಕೊಂಡಿರುವ ಪಿತ್ತಕೋಶವನ್ನು ಬಿಡಿಸುವಾಗ ಅಲ್ಲಿ ರಕ್ತ ಜಿನುಗುತ್ತಲೇ ಇರಬಹುದಾದ್ದರಿಂದ, ಸಾಮಾನ್ಯವಾಗಿ ಈ ಔಷಧಿಯನ್ನು 5ರಿಂದ 7 ದಿನ ಮೊದಲೇ ನಿಲ್ಲಿಸುತ್ತಾರೆ. ಆದರೆ ನಾವಾಗಿಯೇ ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟುವ ಭಯವಿರುತ್ತದೆ. ಹೃದ್ರೋಗ ತಜ್ಞರೊಂದಿಗೆ ಮಾತನಾಡಿದ ಮೇಲೆ, ಆಸ್ಪಿರಿನ್ ಒಂದನ್ನೇ ಮುಂದುವರಿಸಿ ಶಸ್ತ್ರಚಿಕಿತ್ಸೆಯನ್ನು ಒಂದು ವಾರ ಮುಂದೂಡಿದರು.

ನನ್ನನ್ನು ಹೆಚ್ಚು ಹೆದರಿಸಿದ್ದು ಶುಗರ್ ಮಾತ್ರೆ. ಅದರಲ್ಲಿ ಮೆಟ್‌ಫಾರ್ಮಿನ್ ಜೊತೆಗೆ ಡಾಪಾಗ್ಲಿಫ್ಲೋಜಿನ್ ಕೂಡ ಇತ್ತು. ಇದನ್ನು ಕನಿಷ್ಠ 3 ದಿನ ಮೊದಲು ನಿಲ್ಲಿಸದಿದ್ದರೆ, ಶಸ್ತ್ರಚಿಕಿತ್ಸೆಗೆಂದು ಉಪವಾಸವಿದ್ದಾಗ ರಕ್ತದಲ್ಲಿ ಕೀಟೋನ್ ಆಮ್ಲ (ದೇಹ ಕೊಬ್ಬನ್ನು ಕರಗಿಸಿದಾಗ ಉಂಟಾಗುವಂಥದ್ದು) ಅಪಾಯಕಾರಿ ಮಟ್ಟಕ್ಕೆ ಏರಬಹುದಂತೆ, ಅದೂ ಸಕ್ಕರೆಯ ಪ್ರಮಾಣ ಹೆಚ್ಚೇನೂ ಏರದಿರುವಾಗಲೇ. ಗ್ಲುಕೋಮೀಟರ್ ನೋಡಿ ನಾನಂತೂ ನಿಶ್ಚಿಂತೆಯಿಂದ ಇದ್ದುಬಿಡುತ್ತಿದ್ದೆ. ಬಿಪಿಗೆಂದು ಕೊಟ್ಟಿದ್ದ, ಹೃದಯ ಬಡಿತವನ್ನು ನಿಧಾನಿಸುವ ಬೀಟಾ ಬ್ಲಾಕರ್ ಮಾತ್ರ ಇದಕ್ಕೆ ತದ್ವಿರುದ್ಧ. ಅದನ್ನು ಶಸ್ತ್ರಚಿಕಿತ್ಸೆಯ ದಿನವೂ ಬೆಳಿಗ್ಗೆ ಒಂದು ಗುಟುಕು ನೀರಿನೊಂದಿಗೆ ಕೊಡಬೇಕೆಂದರು.

ನೋವನ್ನು ಇನ್ನೊಂದು ವಾರ ಸಹಿಸಬೇಕಲ್ಲ ಎಂದು ಅಮ್ಮನಿಗೆ ಬೇಸರವಾಯಿತು. ಅಂದು ರಾತ್ರಿ ಪ್ರತಿಯೊಂದು ಔಷಧಿಯ ಹೆಸರು, ಪ್ರಮಾಣ, ಹೊತ್ತುಗಳನ್ನು ಬರೆದು ಅವಳ ಕೈಗಿತ್ತೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ, “ಬೆಳಿಗ್ಗೆ ಖಾಲಿ ಹೊಟ್ಟೆಗೆ ತಗೊಳ್ಳೋ ಥೈರಾಯ್ಡ್ ಮಾತ್ರೆ ಎಲ್ಲಿ ಬರೆದಿದ್ದೀಯ?” ಎಂದಳು. ಅದರ ಡಬ್ಬಿ ಅವಳ ದಿಂಬಿನ ಪಕ್ಕದಲ್ಲಿತ್ತು; ಚೀಲಕ್ಕೆ ಬಂದೇ ಇರಲಿಲ್ಲ.