ಪೈಪಿನಲ್ಲಿ ಗಾಳಿ

ಮೇ ತಿಂಗಳ ಒಂದು ಭಾನುವಾರ ಮಗಳನ್ನೂ ನಮ್ಮ ಮಾವನವರನ್ನೂ ಕರೆದುಕೊಂಡು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೆ ಹೋಗಿದ್ದೆ. ಮಕ್ಕಳು ಮನೆಯವರ ಜೊತೆ ಕೂತು ರಟ್ಟಿನ ಜೆಸಿಬಿ ಮಾಡುವ ಕಾರ್ಯಾಗಾರವಿತ್ತು. ಮಾವ ಸಾರಿಗೆ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. 'ನಾನು ಬಂದು ಏನು ಮಾಡಲಿ' ಎನ್ನುತ್ತಲೇ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಂತಿದ್ದರು.

ವಿಶ್ವೇಶ್ವರಯ್ಯನವರು ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ. ನೆಹರೂ ಈ ಕಟ್ಟಡವನ್ನು ಉದ್ಘಾಟಿಸಿದ್ದು ಅದೇ ವರ್ಷ ಜುಲೈ 14ರಂದು. ಮೂರು ತಿಂಗಳು ತಡವಾಯಿತಲ್ಲ ಎಂದು ಮಾವ ಪ್ರತಿ ಸಲವೂ ಹೇಳುತ್ತಾರೆ, ತಾವೇ ತಡ ಮಾಡಿದವರಂತೆ.

ಮೇಜಿನ ಮೇಲೆ ರಟ್ಟು, ಐಸ್‌ಕ್ರೀಂ ಕಡ್ಡಿ, ಗ್ಲೂ ಗನ್, ಸೂಜಿಯಿಲ್ಲದ ಸಿರಿಂಜುಗಳು, ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವಂಥ ಸಣ್ಣ ಪೈಪು. ತತ್ವ ಸರಳ. ಎರಡು ಸಿರಿಂಜುಗಳನ್ನು ಪೈಪಿನಿಂದ ಸೇರಿಸಿ ನೀರು ತುಂಬಿದರೆ ಒಂದನ್ನು ಒತ್ತಿದಾಗ ಇನ್ನೊಂದು ಏಳುತ್ತದೆ. 5 ಮಿಲಿಯದ್ದನ್ನು ಪೂರ್ತಿ ಒತ್ತಿದರೂ 20 ಮಿಲಿಯದ್ದು ಕಾಲು ಭಾಗ ಮಾತ್ರ ಸರಿಯುತ್ತದೆ. ದೂರದಲ್ಲಿ ಕಳೆದುಕೊಂಡದ್ದು ಬಲದಲ್ಲಿ ಸಿಗುತ್ತದೆ.

ಪಕ್ಕದ ಮೇಜಿನ ತಂದೆಯೊಬ್ಬರು ಹತ್ತೇ ನಿಮಿಷದಲ್ಲಿ ಅಂದವಾದ ಜೆಸಿಬಿ ಕಟ್ಟಿ ಮುಗಿಸಿದರು. ಮಗ ಚಿಪ್ಸ್ ತಿನ್ನುತ್ತಿದ್ದ. ನಗುವಂತಿಲ್ಲ, ನನ್ನ ಕೈಯೂ ಎರಡು ಸಲ ಕತ್ತರಿಯತ್ತ ಹೋಗಿತ್ತು. ಮಾವ ಮಾತ್ರ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಡಿಪೋಗೆ ಬಂದ ಸಾಹೇಬರಂತೆ ನಿಂತಿದ್ದರು.

ಮಗಳ ಜೆಸಿಬಿ ಕೈ ಎತ್ತಲಿಲ್ಲ. ಒತ್ತಿದರೆ ಮೊದಲು ಸುಮ್ಮನಿರುತ್ತದೆ, ಆಮೇಲೆ ಬೆಚ್ಚಿಬಿದ್ದಂತೆ ಒಮ್ಮೆಲೇ ಜಿಗಿಯುತ್ತದೆ. ಅಂಟು ಸಾಲದೇನೋ ಎಂದು ನಾನು ಇನ್ನಷ್ಟು ಅಂಟು ಹಾಕಿಸಿದೆ. ಏನೂ ಆಗಲಿಲ್ಲ. ಅವಳ ತುಟಿ ನಡುಗತೊಡಗಿತು.

'ಪುಟ್ಟೀ, ಪೈಪನ್ನು ಬೆಳಕಿಗೆ ಹಿಡಿದು ನೋಡು' ಎಂದರು ಮಾವ. ಕೈ ಇನ್ನೂ ಬೆನ್ನ ಹಿಂದೆಯೇ ಇತ್ತು.

ಕೆಂಪು ನೀರಿನ ನಡುವೆ ಕಡಲೆಕಾಳಿನಷ್ಟು ಉದ್ದದ ಒಂದು ಖಾಲಿ ಜಾಗ.

'ನೀರನ್ನು ಒತ್ತಿದರೆ ಅದು ಜಗ್ಗುವುದಿಲ್ಲ, ಮುಂದಕ್ಕೆ ತಳ್ಳುತ್ತದೆ. ಗಾಳಿ ಹಾಗಲ್ಲ, ತಾನೇ ಮುದುಡಿಕೊಂಡು ನಿನ್ನ ಬಲವನ್ನೆಲ್ಲ ನುಂಗಿಬಿಡುತ್ತದೆ.'

ಎಲ್ಲವನ್ನೂ ಬಿಚ್ಚಿ, ಬಕೆಟ್ಟಿನ ನೀರೊಳಗೆ ಮುಳುಗಿಸಿಯೇ ಮತ್ತೆ ಜೋಡಿಸಬೇಕಾಯಿತು. ಅಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಮೂರನೆಯ ಸಲಕ್ಕೆ ಜೆಸಿಬಿಯ ಕೈ ನಿಧಾನವಾಗಿ, ಗಾಂಭೀರ್ಯದಿಂದ ಎದ್ದಿತು. ಅದರ ತುದಿಯ ರಟ್ಟಿನ ಬುಟ್ಟಿಯಲ್ಲಿದ್ದ ಎರಡು ಗೋಲಿಗಳೂ ಬೀಳಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ಪೈಪು ಕಳಚಿ ಮಾವನ ಬಿಳಿ ಪಂಚೆಯ ಮೇಲೆ ಕೆಂಪು ನೀರು ಚೆಲ್ಲಿತು. ಬೇರೆ ದಿನವಾಗಿದ್ದರೆ ರಾಮಾಯಣವೇ ಆಗುತ್ತಿತ್ತು. ಅವರು ಖಡಕ್‌ವಾಸ್ಲಾ ಅಣೆಕಟ್ಟಿನ ಕಥೆಯಲ್ಲಿ ಮುಳುಗಿದ್ದರು: ನೀರು ಮಟ್ಟ ಮೀರಿದರೆ ತಾನಾಗಿ ತೆರೆದುಕೊಳ್ಳುವ ಗೇಟುಗಳನ್ನು ವಿಶ್ವೇಶ್ವರಯ್ಯ ಅಲ್ಲಿ ಕೂರಿಸಿದ್ದರಂತೆ.

ಮರುದಿನ ಅಟ್ಟದಿಂದ ಹಳೆಯ ಬಾಟಲ್ ಜಾಕಿ ಇಳಿಯಿತು. ಅದರೊಳಗೂ ಒಂದು ಚಿಕ್ಕ ಪಿಸ್ಟನ್, ಒಂದು ದೊಡ್ಡದು. ನೀರಿನ ಬದಲು ಎಣ್ಣೆ. ನಮ್ಮ ಕಾರಿನ ಕೆಳಗಿಟ್ಟು ಮಗಳು ಹಿಡಿಕೆಯನ್ನು ಮೇಲೆ ಕೆಳಗೆ ಆಡಿಸಿದಳು. ಕಾರು ಅಲುಗಲಿಲ್ಲ. ಏನೋ ಹೇಳಲು ಬಾಯಿ ತೆರೆದ ತಾತನನ್ನು ಕೈಯೆತ್ತಿ ತಡೆದಳು.

'ಗೊತ್ತು ತಾತ, ಒಳಗೆ ಗಾಳಿ ಇದೆ. ಅದನ್ನು ಹೊರಬಿಡುವ ತಿರುಪು ಎಲ್ಲಿದೆ ಎಂದಷ್ಟೇ ಹೇಳಿ.'