ತೌಡು ಎಮ್ಮಿಗೆ, ಬಿಳೇ ಅಕ್ಕಿ ನಮಗ

ನಾ ಕಾರಟಗಿಯ ಒಂದು ರೈಸ್ ಮಿಲ್ಲಿನ್ಯಾಗ ಲೆಕ್ಕ ಬರೀತೀನಿ, ಹನ್ನೊಂದು ವರ್ಷ ಆತು. ಒಳಗ ಬರೋದು ಭತ್ತ, ಹೊರಗ ಹೋಗೋದು ಅಕ್ಕಿ, ನುಚ್ಚು, ತೌಡು, ಹೊಟ್ಟು. ಹೊಟ್ಟು ಬಾಯ್ಲರಿಗೆ, ತೌಡು ಎಣ್ಣಿ ತೆಗೆಯೋ ಫ್ಯಾಕ್ಟರಿಗೆ ಇಲ್ಲಾ ದನದ ಮೇವಿಗೆ. ಪಾಲಿಶ್ ಎಷ್ಟು ಚಲೋ ಹೊಡದ್ರ ಅಷ್ಟು ಚಲೋ ರೇಟ್. ದಿನಾ ಇದನ್ನ ರಿಜಿಸ್ಟರಿನ್ಯಾಗ ಬರ್ಯಾಕತ್ತಿದ್ರೂ, ಕಾಳಿನ್ಯಾಗಿನ ನಾರು (ಫೈಬರ್) ಅನ್ನೋದು ತೌಡಿನ ಲಾರ್ಯಾಗ ಹೊಂಟೈತಿ ಅಂತ ನನಗ ಹೋದ ವರ್ಷದ ತನಕ ಹೊಳೆದಿರ್ಲಿಲ್ಲ.

ಆಗಿದ್ದು ಏನಂದ್ರ, ಹೋದ ಸಲ ಚಳಿಗಾಲದಾಗ ಗಂಟಲು ನೋವು, ನೆಗಡಿ, ಮತ್ತ ಗಂಟಲು ನೋವು, ಹಿಂಗ ಮೂರು ತಿಂಗಳಾಗ ಮೂರು ಸಲ ಆ್ಯಂಟಿಬಯಾಟಿಕ್ ತೊಗೊಂಡೆ, ಎರಡು ಸಲ ಅಂತೂ ಡಾಕ್ಟರ್ ಹತ್ರ ಹೋಗದನ ನಾನ ಮೆಡಿಕಲ್ ಶಾಪಿನ್ಯಾಗ ಕೇಳಿ ಇಸಕೊಂಡು ನುಂಗಿದ್ದು, ತಪ್ಪು ಪೂರಾ ನಂದ. ನೆಗಡಿ ತರೋದು ವೈರಸ್, ಆ ಗುಳಿಗಿ ವೈರಸ್ಸಿಗೆ ಏನೂ ಮಾಡಂಗಿಲ್ಲ, ಆದ್ರ ಕರುಳಾಗಿನ ಬ್ಯಾಕ್ಟೀರಿಯಾಕ್ಕ ಮಾತ್ರ ಸರಿಯಾಗಿ ಹೊಡೀತೈತಿ. ಮೂರನೇ ಕೋರ್ಸ್ ಮುಗಿಯೋದ್ರಾಗ ಹೊಟ್ಟಿ ಪೂರಾ ಕೆಟ್ಟು ಹೋತು. ಆಮ್ಯಾಲ ನಾ ಮಾಡಿದ ಶಾಣ್ಯಾತನ ಅಂದ್ರ, ಇಮ್ಯುನಿಟಿ ಬೂಸ್ಟರ್ ಅಂತ ಬರದಿದ್ದ ಒಂದು ಪೌಡರ್ ಡಬ್ಬಿ ತಂದೆ.

ನಮ್ಮವ್ವ ಡಬ್ಬಿ ತಿರುಗಿಸಿ ಮುರುಗಿಸಿ ನೋಡಿ, ‘ಯಪ್ಪಾ, ಈ ರೊಕ್ಕದಾಗ ಎಷ್ಟು ಜೋಳ ಬರ್ತಿತ್ತೋ. ರೊಟ್ಟಿ ಬಿಟ್ಟಾಗಿಂದ ನೋಡಾಕತ್ತೀನಿ, ನಿನಗ ಒಂದಿಲ್ಲ ಒಂದು ಜಡ್ಡು’ ಅಂದ್ಳು. ನಾ ಓದಿದಾಂವ ಅಲ್ಲೇನು, ‘ಯವ್ವಾ, ನಾರು ಬೇಕಾಗಿರೋದು ಸಂಡಾಸ ಸಾಫ್ ಆಗಾಕ, ನೆಗಡಿಗೂ ರೊಟ್ಟಿಗೂ ಏನು ಸಂಬಂಧ’ ಅಂದೆ. ಅಂದಮ್ಯಾಲ ಸುಮ್ನ ಇರ್ಬೇಕಿತ್ತು, ಅಕಿ ಬಾಯಿ ಮುಚ್ಚಿಸ್ಬೇಕು ಅಂತ ರಾತ್ರಿ ಕುಂತು ಓದಾಕ ಶುರು ಮಾಡಿದೆ, ಓದಿ ನನ್ನ ಬಾಯೇ ಮುಚ್ಚಿತು.

ನಾರನ್ನ ನಮ್ಮ ಹೊಟ್ಟಿ ಕರಗಸಂಗಿಲ್ಲ, ಅದನ್ನ ಕತ್ತರಿಸೋ ಕಿಣ್ವ ನಮ್ಮ ಹತ್ರ ಇಲ್ಲ. ಹಂಗ ಇಡಿಯಾಗಿ ದೊಡ್ಡ ಕರುಳಿಗೆ ಹೋಕ್ಕತಿ, ಅಲ್ಲಿ ಅದರ ದಾರಿ ಕಾಯ್ಕೋತ ಬ್ಯಾಕ್ಟೀರಿಯಾ ಕುಂತಿರ್ತಾವ. ಎಷ್ಟು? ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2016ರಾಗ ಕೊಟ್ಟ ಲೆಕ್ಕ, ಒಬ್ಬ ಮನಷ್ಯಾನ ಮೈಯಾಗ ಸುಮಾರು 38 ಲಕ್ಷ ಕೋಟಿ, ನಮ್ಮ ಸ್ವಂತ ಜೀವಕೋಶ 30 ಲಕ್ಷ ಕೋಟಿ. ಅಂದ್ರ ನಾವ ಮೈನಾರಿಟಿ. ತೂಕ ಮಾಡಿದ್ರ ಮಾತ್ರ ಎಲ್ಲಾ ಸೇರಿ 200 ಗ್ರಾಂ ಬರ್ತಾವಂತ.

ಇವು ನಾರನ್ನ ಹುಳಿ ಬರಿಸಿ ತಿಂತಾವ, ತಿಂದು ಅಸಿಟೇಟ್, ಪ್ರೊಪಿಯೊನೇಟ್, ಬ್ಯೂಟಿರೇಟ್ ಅಂತ ಸಣ್ಣ ಸಣ್ಣ ಆಮ್ಲ ಬಿಡ್ತಾವ. ಬ್ಯೂಟಿರೇಟ್ ಅನ್ನೋದು ದೊಡ್ಡ ಕರುಳಿನ ಒಳಗೋಡಿ ಜೀವಕೋಶಗಳಿಗೆ ಮುಖ್ಯ ಊಟ. (ಬೆಣ್ಣಿ ಹಳತಾದ್ರ ಕಮಟು ವಾಸನಿ ಬರ್ತೈತಲ್ಲ, ಅದೂ ಇದ ಆಮ್ಲದ್ದ, ಹೆಸರು ಬಂದಿದ್ದೂ ಬೆಣ್ಣಿಯಿಂದನ.) ಆ ಗೋಡಿ ಆಚೀಕಡೆನ ನಮ್ಮ ರೋಗನಿರೋಧಕ ಕೋಶಗಳ ದೊಡ್ಡ ಪಾಲು ಠಿಕಾಣಿ ಹೂಡಿರ್ತೈತಿ, ಯಾಕಂದ್ರ ಹೊರಗಿನ ವಸ್ತು ಮೈಯೊಳಗ ಅತೀ ಹೆಚ್ಚು ಬರೋ ಜಾಗ ಅದ.

2013ರಾಗ ಜಪಾನ್ ಮತ್ತು ಅಮೆರಿಕಾದ ಮೂರು ತಂಡದವರು ಹೆಚ್ಚುಕಮ್ಮಿ ಒಟ್ಟಿಗೆ ಇಲಿಗಳ ಮ್ಯಾಲ ತೋರಿಸಿದ್ದು ಏನಂದ್ರ, ಈ ಆಮ್ಲಗಳು ಕರುಳಾಗ ನಿಯಂತ್ರಕ ಟಿ ಕೋಶ ಅನ್ನೋ ರೋಗನಿರೋಧಕ ಕೋಶಗಳನ್ನ ಹೆಚ್ಚು ಮಾಡ್ತಾವ ಅಂತ. ಇವು ಯಾರಂತ ತಿಳೀಬೇಕಂದ್ರ ಊರಾಗಿನ ಜಗಳ ನೆನಸ್ಕೊಳ್ರಿ, ಬಡಿಗಿ ಹಿಡಕೊಂಡು ಬರೋ ಹುಡುಗರು ಬ್ಯಾರೆ, ಕಟ್ಟಿ ಮ್ಯಾಲ ಕುಂತು ‘ಏ ಸಾಕ್ ಬಿಡ್ರಪಾ, ಅಂವ ನಮ್ಮಾಂವನ’ ಅನ್ನೋ ಹಿರೇರು ಬ್ಯಾರೆ. ಇವು ಹಿರೇರು. ಇವುಗಳನ್ನ ಕಂಡುಹಿಡಿದಿದ್ದಕ್ಕ ಜಪಾನಿನ ಶಿಮೊನ್ ಸಕಗುಚಿ, ಅಮೆರಿಕಾದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರಿಗೆ 2025ರ ವೈದ್ಯಕೀಯ ನೊಬೆಲ್ ಬಂತು. ಅವತ್ತು ನನಗ ಆ ಪೌಡರ್ ಡಬ್ಬಿ ನೆನಪಾಗಿ ನಗು ಬಂತು ನೋಡ್ರಿ. ಬೂಸ್ಟ್ ಅಂತ ಬೂಸ್ಟ್! ಸುಮ್ಮಸುಮ್ಮನ ಕೆರಳಿದ ರೋಗನಿರೋಧಕ ಶಕ್ತಿ ಅಂದ್ರ ಅಲರ್ಜಿ, ಅಸ್ತಮಾ, ಕೀಲುವಾತ. ಹೊಡೆಯೋದು ಎಷ್ಟು ಮುಖ್ಯನೋ ಯಾವಾಗ ಹೊಡೀಬಾರದು ಅನ್ನೋದೂ ಅಷ್ಟ ಮುಖ್ಯ, ಅದನ್ನ ಯಾವ ಡಬ್ಬಿ ಮ್ಯಾಲೂ ಬರಿಯಂಗಿಲ್ಲ.

ಇನ್ನೊಂದು ಓದಿ ಅವತ್ತ ರಾತ್ರಿ ನಿದ್ದಿ ಬರ್ಲಿಲ್ಲ. 2016ರ ಪ್ರಯೋಗ, ಇದೂ ಇಲಿ ಮ್ಯಾಲಿಂದ. ಅವಕ್ಕ ಮನಷ್ಯಾರ ಕರುಳಿನ ಬ್ಯಾಕ್ಟೀರಿಯಾ ಹಾಕಿ, ಊಟದಾಗ ನಾರು ತೆಗೆದುಬಿಟ್ರು. ತಿನ್ನಾಕ ಏನೂ ಸಿಗದ ಬ್ಯಾಕ್ಟೀರಿಯಾ ಕರುಳಿನ ಗೋಡಿಗೆ ರಕ್ಷಣಾ ಆಗಿದ್ದ ಲೋಳೆಪದರಾನ ತಿನ್ನಾಕ ಹತ್ತಿದ್ವು, ಪದರ ತೆಳ್ಳಗಾತು, ಆಮ್ಯಾಲ ರೋಗದ ಬ್ಯಾಕ್ಟೀರಿಯಾ ಬಂದಾಗ ಇಲಿಗಳು ಭಾಳ ಜಡ್ಡಾದ್ವು. ನಮ್ಮ ಗೋಡೌನಿನ್ಯಾಗೂ ಹಂಗ, ಕಾಳು ಇಲ್ಲದಾಗ ಹೆಗ್ಗಣ ಖಾಲಿ ಚೀಲಾನ ಕಡೀತಾವ.

ಈಗ ನಮ್ಮೂರ ಕಡೆ ಮಾತು. ತುಂಗಭದ್ರಾ ಡ್ಯಾಮ್ ಆಗಿದ್ದು 1953ರಾಗ, ಎಡದಂಡಿ ಕಾಲುವಿ ನೀರು ಬಂದಮ್ಯಾಲ ಗಂಗಾವತಿ, ಕಾರಟಗಿ, ಸಿಂಧನೂರು ಎಲ್ಲಾ ಭತ್ತ. ನಮ್ಮಜ್ಜನ ಕಾಲದಾಗ ಅನ್ನ ಅಂದ್ರ ಹಬ್ಬಕ್ಕ, ದಿನಾ ರೊಟ್ಟಿ, ಜೋಳದ ಸಂಗಟಿ, ಪುಂಡಿ ಪಲ್ಯ, ಮಡಿಕಿಕಾಳು, ಹಸಿ ಹಕ್ಕರಿಕಿ, ಗುರೆಳ್ಳು ಪುಡಿ, ಮಜ್ಜಿಗಿ. ಈಗ ಉಲ್ಟಾ. ಕಾಲುವಿ ನೀರ ನನಗ ಅನ್ನ ಹಾಕ್ಯಾವ, ಅವನ್ನ ಬೈಯಂಗಿಲ್ಲ. ಆದ್ರ ಲೆಕ್ಕದಾಂವ ನಾನು, ಲೆಕ್ಕ ಹೇಳ್ತೀನಿ. 100 ಗ್ರಾಂ ಜೋಳದಾಗ ನಾರು ಹತ್ತು ಗ್ರಾಂ, ಪಾಲಿಶ್ ಅಕ್ಕ್ಯಾಗ ಮೂರೂ ಇಲ್ಲ. ದೊಡ್ಡವರಿಗೆ ದಿನಕ್ಕ ಕಡಿಮಿ ಅಂದ್ರೂ 25 ಗ್ರಾಂ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತೈತಿ. (ಬೆಂಗಳೂರು ಕಡೆ ಓದೋರಿಗೆ, ನಾವು ಜೋಳ ಅಂದ್ರ ಬಿಳಿಜೋಳ, ತೆನಿ ಸುಟ್ಟು ಲಿಂಬಿ ಹಚ್ಚಿ ತಿಂತೀರಲ್ಲ ಅದು ನಮಗ ಗೋವಿನಜೋಳ.)

ಹಂಗಂತ ಎಲ್ಲಾ ಸಲೀಸಾಗಿಲ್ಲ. 2021ರಾಗ ಅಮೆರಿಕಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 36 ಮಂದಿನ್ನ ಎರಡು ಪಾಲು ಮಾಡಿ ಹತ್ತು ವಾರ ತಿನ್ನಿಸಿ ನೋಡಿದ್ರು, ಒಂದು ಗುಂಪಿಗೆ ನಾರು ಜಾಸ್ತಿ, ಇನ್ನೊಂದಕ್ಕ ಮೊಸರು, ಕಿಮ್ಚಿ ಥರದ ಹುಳಿ ಬಂದ ಪದಾರ್ಥ. ಹುಳಿ ತಿಂದವರಾಗ ಬ್ಯಾಕ್ಟೀರಿಯಾ ನಮೂನಿ ಹೆಚ್ಚಾದ್ವು, ರಕ್ತದಾಗ ಉರಿಯೂತದ, ಅಂದ್ರ ರೋಗನಿರೋಧಕ ಶಕ್ತಿ ಕೆರಳಿದ್ದನ್ನ ತೋರಿಸೋ, 19 ಪ್ರೋಟೀನ್ ಇಳದ್ವು. ನಾರು ತಿಂದವರಾಗ ಹಂಗ ಎಲ್ಲಾರಿಗೂ ಒಂದ ಥರ ಆಗ್ಲಿಲ್ಲ, ಒಬ್ಬೊಬ್ಬರಿಗೆ ಒಂದೊಂದು. ಹತ್ತು ವಾರ ಸಾಲಂಗಿಲ್ಲ ಅಂತಲೋ, ನಾರು ತಿನ್ನೋ ಬ್ಯಾಕ್ಟೀರಿಯಾನ ಆ ಮಂದಿ ಹೊಟ್ಟ್ಯಾಗ ಮೊದಲ ಕಳದು ಹೋಗಿದ್ವು ಅಂತಲೋ ಊಹೆ ಐತಿ. ನಾ ಇದನ್ನ ಅವ್ವಗ ಹೇಳಿದೆ, ಅಕಿ ಕೇಳಿದ್ದು ಒಂದ ಮಾತು, ‘ರೊಟ್ಟಿ ಮಜ್ಜಿಗಿ ಬ್ಯಾರೆ ಬ್ಯಾರೆ ಮಾಡಿ ಯಾಕ ಕೊಟ್ರು ಅವ್ರು?’

ಮತ್ತ ನಾನೂ ಶುರು ಮಾಡಿದೆ, ಶುರು ಮಾಡಿದ್ದೂ ಹೆಂಗ ಅಂದ್ರ ಮೊದಲನೇ ದಿನಾನ ನಾಕು ಖಡಕ್ ರೊಟ್ಟಿ, ಬಟ್ಟಲು ತುಂಬ ಮಡಿಕಿಕಾಳು ಪಲ್ಯ, ಮ್ಯಾಲ ಹಸಿ ಉಳ್ಳಾಗಡ್ಡಿ. ಮಧ್ಯಾಹ್ನ ಮೂರಕ್ಕ ಹೊಟ್ಟಿ ಡೊಳ್ಳು ಆತು, ಎದುರಿಗೆ ಪಾರ್ಟಿಯವರು ಕುಂತು ರೇಟ್ ಮಾತಾಡಾಕತ್ತಾರ, ನಾ ಕುರ್ಚಿ ಮ್ಯಾಲ ಅಲುಗಾಡದಂಗ ಕುಂತೀನಿ, ಯಾರಿಗೆ ಹೇಳ್ಲಿ. ಎಷ್ಟೋ ವರ್ಷ ಉಪವಾಸ ಇದ್ದ ಬ್ಯಾಕ್ಟೀರಿಯಾಕ್ಕ ಒಮ್ಮಿಂದೊಮ್ಮಿ ಹಬ್ಬದೂಟ ಹಾಕಿದ್ರ ಗ್ಯಾಸ್ ಬರದ ಇನ್ನೇನು. ಆಮ್ಯಾಲ ವಾರಕ್ಕ ಒಂದು ರೊಟ್ಟಿ ಹೆಚ್ಚು ಮಾಡ್ಕೋತ ಬಂದೆ, ನೀರು ಜಾಸ್ತಿ ಕುಡದೆ, ಸರಿ ಹೋತು. ಅನ್ನ ಬಿಟ್ಟಿಲ್ಲ. ಮಾಡಿದ ಅನ್ನ ಆರಿದ್ರ ಅದರೊಳಗಿನ ಪಿಷ್ಟ ಸ್ವಲ್ಪ ಗಟ್ಟಿಯಾಗಿ ನಾರಿನಂಗ ದೊಡ್ಡ ಕರುಳಿನ ತನಕ ಹೋಕ್ಕತಿ, ಅದಕ್ಕ ಮುಂಜಾನೆ ತಂಗಳನ್ನ ಮೊಸರು. ಆದ್ರ ನಮ್ಮ ಬ್ಯಾಸಿಗ್ಯಾಗ ಅನ್ನ ರಾತ್ರಿಯೆಲ್ಲಾ ಹೊರಗ ಇಟ್ರ ವಿಷ ಆಗ್ತೈತಿ, ಫ್ರಿಜ್ಜಿನ್ಯಾಗ ಇಡ್ರಿ.

ನೆಗಡಿ ಈ ವರ್ಷಾನೂ ಬಂತು, ಒಂದ ಸಲ. ರೊಟ್ಟಿಯಿಂದನ ಕಡಿಮಿ ಆತೋ, ಸುಮ್ನ ಆತೋ, ಒಬ್ಬನ ಮ್ಯಾಲಿನ ಲೆಕ್ಕ ಲೆಕ್ಕ ಅಲ್ಲ. ಗುಳಿಗಿ ಮಾತ್ರ ತೊಗೊಳ್ಳಿಲ್ಲ, ಡಾಕ್ಟರ್ ಬ್ಯಾಡ ಅಂದ್ರು.

ಜನವರ್ಯಾಗ ಕೊಪ್ಪಳದ ಗವಿಮಠದ ಜಾತ್ರಿಗೆ ನಮ್ಮ ಓಣಿಯಿಂದ ದಾಸೋಹಕ್ಕ ರೊಟ್ಟಿ ಹೋದ್ವು, ಅವ್ವಂದು ನೂರು. ಬಡಿಯೋ ಮುಂದ ಒಂದೊಂದ ಎಣಿಸಿ ಬುಟ್ಟ್ಯಾಗ ಇಡೋ ಕೆಲಸ ನಂದಿತ್ತು. ತೊಂಬತ್ತಾರಕ್ಕ ಲೆಕ್ಕ ನಿಂತಿತು, ಅವ್ವ ಹೊಳ್ಳಿ ನೋಡಿದ್ಲು, ನನ್ನ ಬಾಯಿ ತುಂಬಿತ್ತು.